ಇನ್ನಾ ಆಡ್ತಾನೇನು?

ಎಲ್ಲರಿಗೂ ನಮಸ್ಕಾರ.

ಬೆಳಿಗ್ಗೆ ನಲವತ್ತು ದಾಟಿದವರ ಮ್ಯಾಚು ಆಡಿದವರು ಇಲ್ಲಿ ಅರ್ಧ ಜನ ಇದ್ದೀರಿ. ಯಾರ್ಯಾರು ಅಂತ ಕೇಳಬೇಕಾಗಿಲ್ಲ. ಮೊಣಕಾಲಿಗೆ ಹಚ್ಚಿಕೊಂಡ ಮುಲಾಮಿನ ವಾಸನೆ ಮೈಕಿನವರೆಗೂ ಬರುತ್ತಿದೆ. ಬಳ್ಳಾರಿ ಬಿಸಿಲು ಏರುವ ಮುಂಚೆ ಆಟ ಮುಗಿಸಿದ್ದು ಒಳ್ಳೆಯದಾಯಿತು. ಎಷ್ಟು ಗೋಲು ಅಂತ ಕೇಳಿದರೆ ಇಬ್ಬರು ಕ್ಯಾಪ್ಟನ್ನುಗಳೂ ಬೇರೆ ಬೇರೆ ಲೆಕ್ಕ ಕೊಡುತ್ತಿದ್ದಾರೆ. ಅದು ನಿಮ್ಮ ನಿಮ್ಮಲ್ಲಿ ಇರಲಿ.

ಇವತ್ತು ನಮ್ಮ ದೇಶದ ಫುಟ್‌ಬಾಲ್ ಆಟಗಾರ ಸುನಿಲ್ ಚೆಟ್ರಿ ಬಗ್ಗೆ ಎರಡು ಮಾತು ಹೇಳಿ ಅಂದಿದ್ದಾರೆ. ಮೊದಲೇ ಹೇಳಿಬಿಡುತ್ತೇನೆ, ನಾನು ಅವನನ್ನು 'ಅವನು' ಅಂತಲೇ ಕರೆಯುವುದು. ಅಗೌರವ ಅಲ್ಲ, ಮೈದಾನದ ಸಲುಗೆ. ಗ್ಯಾಲರಿಯಲ್ಲಿ ಕೂತು 'ಚೆಟ್ರಿಯವರೇ, ದಯವಿಟ್ಟು ಹೊಡೆಯಿರಿ' ಅಂತ ಯಾರೂ ಕೂಗುವುದಿಲ್ಲ, ಅಲ್ವಾ?

ನಮ್ಮೂರಲ್ಲಿ ವಯಸ್ಸಾದ ಆಟಗಾರನ ಬಗ್ಗೆ ಒಂದು ಮಾತಿದೆ. 'ಇನ್ನಾ ಆಡ್ತಾನೇನು?' ಮಾತು ಒಂದೇ, ರಾಗ ಎರಡು. ಒಂದು, ಬಾಗಿಲು ಕಿತ್ತುಹೋದ ಬಸ್ಸನ್ನು ನೋಡಿ 'ಇದು ಇನ್ನಾ ಓಡ್ತದೇನು?' ಅನ್ನುವ ರಾಗ. ಇನ್ನೊಂದು, ತೊಂಬತ್ತು ದಾಟಿದ ಅಜ್ಜಿ ಬಗ್ಗೆ 'ಇನ್ನಾ ರೊಟ್ಟಿ ಬಡಿತಾಳೇನು?' ಅನ್ನುವ ರಾಗ. ಚೆಟ್ರಿ ಬಗ್ಗೆ ನಾನು ಎರಡೂ ರಾಗದಲ್ಲಿ ಕೇಳಿದ್ದೇನೆ, ಅದೂ ಒಂದೇ ವರ್ಷದ ಅಂತರದಲ್ಲಿ. ಇವತ್ತು ಹೇಳಬೇಕಿರುವುದು ಆ ಕತೆ.

ಹಿನ್ನೆಲೆ ನಿಮಗೆಲ್ಲ ಗೊತ್ತು, ಬೇಗ ಹೇಳಿ ಮುಗಿಸುತ್ತೇನೆ. ಹುಟ್ಟಿದ್ದು 1984ರಲ್ಲಿ, ಸಿಕಂದರಾಬಾದಿನಲ್ಲಿ. ಅಪ್ಪ ಸೈನ್ಯದಲ್ಲಿದ್ದರು. ಅಮ್ಮ ನೇಪಾಳದ ಮಹಿಳಾ ತಂಡಕ್ಕೆ ಆಡಿದವರು. 2002ರಲ್ಲಿ ಕೋಲ್ಕತ್ತದ ಮೋಹನ್ ಬಾಗಾನ್ ಕ್ಲಬ್ಬು ಸೇರಿದ. ಭಾರತಕ್ಕೆ ಮೊದಲ ಪಂದ್ಯ 2005ರ ಜೂನ್ 12ರಂದು, ಪಾಕಿಸ್ತಾನದ ಕ್ವೆಟ್ಟಾದಲ್ಲಿ. ಮೊದಲ ದಿನವೇ ಗೋಲು. ಆಮೇಲೆ ಎಷ್ಟೋ ಕ್ಲಬ್ಬು. ಅಮೆರಿಕಕ್ಕೆ ಹೋಗಿ ಬಂದ, ಪೋರ್ಚುಗಲ್‌ಗೆ ಹೋಗಿ ಬಂದ. 2013ರಲ್ಲಿ ಹೊಸದಾಗಿ ಶುರುವಾದ ಬೆಂಗಳೂರು ಎಫ್‌ಸಿಗೆ ಬಂದ. ಅಲ್ಲಿಂದ ನಮ್ಮವನಾದ. ಬೆಂಗಳೂರು ನಮಗೆ ದೂರ ಅಂತೀರಾ? ಆ ಕ್ಲಬ್ಬಿನ ಹುಡುಗರ ಅಕಾಡೆಮಿ ಇರುವುದು ಇಲ್ಲೇ ತೋರಣಗಲ್ಲಿನಲ್ಲಿ, ಉಕ್ಕಿನ ಕಾರ್ಖಾನೆ ಪಕ್ಕದ ಕ್ರೀಡಾ ಸಂಸ್ಥೆಯಲ್ಲಿ. ನಮ್ಮ ಕೆಂಪು ಧೂಳು ಅವರ ಬೂಟಿಗೂ ಹತ್ತಿದೆ.

2018ರ ಜೂನ್ ನೆನಪಿದೆಯಾ? ಮುಂಬೈಯಲ್ಲಿ ಭಾರತ ಚೈನೀಸ್ ತೈಪೆಯನ್ನು, ಅಂದರೆ ತೈವಾನ್ ತಂಡವನ್ನು, 5-0 ಅಂತರದಲ್ಲಿ ಹೊಡೆಯಿತು. ಚೆಟ್ರಿದೇ ಮೂರು ಗೋಲು. ನೋಡೋಕೆ ಬಂದವರು ಎರಡೂವರೆ ಸಾವಿರ ಚಿಲ್ಲರೆ ಜನ. ಮರುದಿನ ಅವನು ಒಂದು ವಿಡಿಯೋ ಹಾಕಿದ. ಬೈಯಿರಿ, ಟೀಕೆ ಮಾಡಿ, ಆದರೆ ಮೈದಾನಕ್ಕೆ ಬಂದು ಮಾಡಿ ಅಂತ ಕೇಳಿಕೊಂಡ. ದೇಶದ ಕ್ಯಾಪ್ಟನ್ ಹಾಗೆ ಕೈಮುಗಿದದ್ದು ನೋಡಿ ನನಗೆ ಸ್ವಲ್ಪ ಮುಜುಗರವೇ ಆಯಿತು. ನಮ್ಮ ಮುನ್ಸಿಪಲ್ ಮೈದಾನದ ಪಂದ್ಯಗಳಿಗೆ ಬರುವ ಪ್ರೇಕ್ಷಕರಲ್ಲಿ ಆಡುಗಳನ್ನೂ ಲೆಕ್ಕಕ್ಕೆ ಸೇರಿಸಬೇಕು. ಹಾಗಾಗಿ ಅವನ ಸಂಕಟ ನಮಗೆ ಹೊಸದಲ್ಲ. ಕೀನ್ಯಾ ವಿರುದ್ಧದ ಮುಂದಿನ ಪಂದ್ಯಕ್ಕೆ ಟಿಕೆಟ್ ಎಲ್ಲ ಖಾಲಿ. ಜೋರು ಮಳೆ. ಅದು ದೇಶಕ್ಕಾಗಿ ಅವನ 100ನೇ ಪಂದ್ಯ. ಎರಡು ಗೋಲು ಹೊಡೆದ. ಆಗ ಅವನಿಗೆ 33. ಆಗ ಯಾರೂ 'ಇನ್ನಾ ಆಡ್ತಾನೇನು' ಅನ್ನಲಿಲ್ಲ.

ಅನ್ನಲು ಶುರುಮಾಡಿದ್ದು ಆಮೇಲೆ. 2023-24ರ ಇಂಡಿಯನ್ ಸೂಪರ್ ಲೀಗ್, ಅಂದರೆ ಐಎಸ್‌ಎಲ್‌ನಲ್ಲಿ ಬೆಂಗಳೂರು 10ನೇ ಸ್ಥಾನಕ್ಕೆ ಬಿತ್ತು. ಮಿರ್ಚಿ ಬಂಡಿ ಮುಂದೆ ನಿಂತು ನಾನೇ ಹೇಳಿದ್ದೆ, 'ಸಾಕಿನ್ನ, ಹುಡುಗರಿಗೆ ಜಾಗ ಬಿಡ್ಲಿ' ಅಂತ. ಬಸ್ಸಿನ ರಾಗದಲ್ಲಿ. ನನ್ನ ಅಕ್ಕನ ಮಗ ಪಕ್ಕದಲ್ಲಿದ್ದ. ಅವನು ಹುಟ್ಟಿದಾಗಲೇ ಚೆಟ್ರಿ ಭಾರತಕ್ಕೆ ಆಡುತ್ತಿದ್ದ. 'ಮಾವಾ, ನೀನು ಮೂವತ್ತಕ್ಕೇ ಆಟ ಬಿಟ್ಟವ. ನೀನು ಮಾತಾಡಬ್ಯಾಡ' ಅಂದುಬಿಟ್ಟ. ಬಂಡಿಯವನು ನಕ್ಕ. ನನ್ನ ಮಿರ್ಚಿ ತಣ್ಣಗಾಯಿತು.

2024ರ ಜೂನ್ 6. ಕೋಲ್ಕತ್ತದ ಸಾಲ್ಟ್‌ಲೇಕ್ ಮೈದಾನ, ಕುವೈತ್ ವಿರುದ್ಧ ವಿಶ್ವಕಪ್ ಅರ್ಹತಾ ಪಂದ್ಯ. ಚೆಟ್ರಿಯ ವಿದಾಯ. 151 ಪಂದ್ಯ, 94 ಗೋಲು. ಆ ದಿನಕ್ಕೆ ದೇಶದ ತಂಡಕ್ಕಾಗಿ ಅವನಿಗಿಂತ ಜಾಸ್ತಿ ಗೋಲು ಹೊಡೆದವರು ಜಗತ್ತಿನಲ್ಲಿ ಮೂರೇ ಜನ: ರೊನಾಲ್ಡೊ, ಮೆಸ್ಸಿ, ಇರಾನಿನ ಅಲಿ ದಾಯಿ. ಕೊನೆಯ ಪಂದ್ಯದಲ್ಲಿ ಒಂದು ಗೋಲಾದರೂ ಬೀಳಲಿ ಅಂತ ನಾವೆಲ್ಲ ಕಾದೆವು. ಬೀಳಲಿಲ್ಲ. 0-0. ಆಟಗಾರರು ಎರಡು ಸಾಲಾಗಿ ನಿಂತರು. ಅವನು ಮಧ್ಯೆ ನಡೆದು ಬಂದ, ಅಳುತ್ತಾ. ನಮ್ಮ ಅಕ್ಕನಿಗೆ ಫುಟ್‌ಬಾಲ್ ಅಂದರೆ ಏನೂ ಗೊತ್ತಿಲ್ಲ. ಟಿವಿ ನೋಡಿ 'ಪಾಪ, ಯಾರೋ ಇದು, ನಿವೃತ್ತಿಯಾ?' ಅಂದಳು. ನಿವೃತ್ತಿ ಸಮಾರಂಭ ಎಲ್ಲಾ ಕಡೆ ಒಂದೇ ಥರ ನೋಡಿ. ಶಾಲು, ಹಾರ ಮಾತ್ರ ಬೇರೆ.

ಕ್ಲಬ್ಬಿಗೆ ಆಡುವುದನ್ನು ಅವನು ಬಿಟ್ಟಿರಲಿಲ್ಲ. ಅದೇ ಡಿಸೆಂಬರ್‌ನಲ್ಲಿ ಅಕ್ಕನ ಮಗ ಹಟ ಹಿಡಿದ. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಇಬ್ಬರೂ ಬೆಂಗಳೂರಿಗೆ ಹೋದೆವು. ಡಿಸೆಂಬರ್ 7, ಶನಿವಾರ, ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಪಂದ್ಯ. ಕಂಠೀರವದಲ್ಲಿ ಓಟದ ಟ್ರ್ಯಾಕ್ ಅಡ್ಡ ಇರುವುದರಿಂದ ಆಟಗಾರರು ದೂರ ಕಾಣುತ್ತಾರೆ. ಒಂದು ಕಡೆ ವೆಸ್ಟ್ ಬ್ಲಾಕ್ ಬ್ಲೂಸ್ ಅಭಿಮಾನಿಗಳ ಡೋಲು, ಇನ್ನೊಂದು ಕಡೆ ಹಳದಿ ಜರ್ಸಿಯ ಕೇರಳದವರು. ಚೆಂಡು ಎಲ್ಲಿದೆ ಅಂತ ನಾನು ಕತ್ತು ಉದ್ದ ಮಾಡುತ್ತಿದ್ದೆ. ಹುಡುಗ ನನ್ನ ಮೊಣಕೈ ತಿವಿದ. 'ಮಾವಾ, ಬಾಲ್ ನೋಡಬ್ಯಾಡ. ಐದು ನಿಮಿಷ ಬರೀ ಅವನ್ನ ನೋಡು.'

ನೋಡಿದೆ. ಈ ಸಭೆಯಲ್ಲಿರುವ ಮುಂಚೂಣಿ ಆಟಗಾರರು ಇದನ್ನು ಕೇಳಿಸಿಕೊಳ್ಳಿ.

ಐದು ನಿಮಿಷದಲ್ಲಿ ನಾಲ್ಕು ನಿಮಿಷ ಅವನು ಸುಮ್ನೆ ನಡೆಯುತ್ತಿದ್ದ. ಸಂಜೆ ವಾಕಿಂಗ್ ಥರ. ಆದರೆ ಕತ್ತು ನಿಂತಿರಲಿಲ್ಲ. ಎಡಕ್ಕೆ ಒಮ್ಮೆ, ಬಲಕ್ಕೆ ಒಮ್ಮೆ, ಹಿಂದಕ್ಕೆ ಒಮ್ಮೆ. ಎದುರಾಳಿ ಡಿಫೆಂಡರ್ ಚೆಂಡಿನ ಕಡೆ ಮುಖ ತಿರುಗಿಸಿದ ಕೂಡಲೇ ಅವನ ಬೆನ್ನ ಹಿಂದೆ ಎರಡು ಹೆಜ್ಜೆ ಸರಿಯುತ್ತಿದ್ದ. ಡಿಫೆಂಡರ್ ತಿರುಗಿ ನೋಡಿದರೆ ಮತ್ತೆ ನಡಿಗೆ, ಏನೂ ಗೊತ್ತಿಲ್ಲದವನ ಹಾಗೆ. ಪಕ್ಕದಿಂದ ಕ್ರಾಸ್, ಅಂದರೆ ಗೋಲಿನ ಮುಂದಕ್ಕೆ ಎತ್ತಿ ಹೊಡೆದ ಚೆಂಡು, ಬರುತ್ತದೆ ಅನ್ನುವಾಗ ಮಾತ್ರ ಓಡುತ್ತಿದ್ದ. ಅದೂ ಹತ್ತು ಮಾರು, ಅಷ್ಟೇ. ಇಪ್ಪತ್ತೈದರಲ್ಲಿ ಎಲ್ಲಾ ಕಡೆ ಓಡಿದವನು ನಲವತ್ತರಲ್ಲಿ ಎಲ್ಲಿ ಓಡಬಾರದು ಅಂತ ಕಲಿತಿದ್ದ. ಎತ್ತರ ಐದೂವರೆ ಅಡಿ ಚಿಲ್ಲರೆ. ಆದರೂ ತಲೆಯಿಂದ ಅಷ್ಟು ಗೋಲು ಹೇಗೆ ಬಂತು ಅಂತ ಯಾವಾಗಲೂ ಯೋಚಿಸುತ್ತಿದ್ದೆ. ಅವನು ಎತ್ತರಕ್ಕೆ ಜಿಗಿಯುವುದಕ್ಕಿಂತ ಮುಂಚೆ ಜಿಗಿಯುತ್ತಾನೆ. ಉಳಿದವರು ಎದ್ದಾಗ ಅವನು ಆಗಲೇ ಮೇಲಿರುತ್ತಾನೆ.

ಆ ದಿನ 2-0 ಇದ್ದದ್ದು 2-2 ಆಯಿತು, ಕೊನೆಗೆ 4-2ರಲ್ಲಿ ಗೆದ್ದೆವು. ನಾಲ್ಕರಲ್ಲಿ ಮೂರು ಅವನದೇ. 40 ವರ್ಷದವನ ಹ್ಯಾಟ್ರಿಕ್. ಐಎಸ್‌ಎಲ್‌ನಲ್ಲಿ ಅಷ್ಟು ವಯಸ್ಸಿಗೆ ಅದುವರೆಗೆ ಯಾರೂ ಹೊಡೆದಿರಲಿಲ್ಲ. ನನ್ನ ಮುಂದಿನ ಸಾಲಿನಲ್ಲಿದ್ದ ಒಬ್ಬ ಹಿರಿಯರು ತಲೆ ಮೇಲೆ ಕೈ ಇಟ್ಟುಕೊಂಡು 'ಇನ್ನೂ ಆಡ್ತಾನಲ್ರೀ!' ಅಂದರು. ರೊಟ್ಟಿಯ ರಾಗ. ಅಕ್ಕನ ಮಗ ನನ್ನ ಕಡೆ ತಿರುಗಿ ನೋಡಲೇ ಇಲ್ಲ. ನೋಡಿದ್ದರೆ ವಾಸಿ ಇತ್ತು.

ಇಷ್ಟೆಲ್ಲ ಹೊಗಳಿ ಒಂದು ಜಗಳದ ವಿಷಯ ಬಿಟ್ಟರೆ ತಪ್ಪಾಗುತ್ತದೆ. 2023ರ ಮಾರ್ಚ್ 3, ಇದೇ ಕಂಠೀರವ, ಇದೇ ಬ್ಲಾಸ್ಟರ್ಸ್, ಪ್ಲೇಆಫ್ ಪಂದ್ಯದ ಹೆಚ್ಚುವರಿ ಸಮಯ. ಫ್ರೀ ಕಿಕ್ ಸಿಕ್ಕಿತು. ಕೇರಳದವರು ಇನ್ನೂ ಚೆಂಡಿಗೆ ಅಡ್ಡ ಸಾಲಾಗಿ ನಿಂತು ಗೋಡೆ ಕಟ್ಟುತ್ತಿದ್ದರು, ಗೋಲ್‌ಕೀಪರ್ ಸಿದ್ಧನಾಗಿರಲಿಲ್ಲ. ಚೆಟ್ರಿ ಮೆಲ್ಲಗೆ ಎತ್ತಿ ಒಳಗೆ ಹಾಕಿಬಿಟ್ಟ. ರೆಫ್ರಿ ಗೋಲು ಅಂದರು. ಕೇರಳದವರು ಸಿಟ್ಟಾಗಿ ಮೈದಾನವನ್ನೇ ಬಿಟ್ಟು ಹೋದರು. ಸರಿಯೋ ತಪ್ಪೋ? ನನ್ನ ಪ್ರಕಾರ ನಿಯಮದಲ್ಲಿ ತಪ್ಪಿಲ್ಲ, ನೋಡೋಕೆ ಚೆನ್ನಾಗಿರಲಿಲ್ಲ. ಆದರೆ ಆ ಕ್ಷಣ ಮೈದಾನದಲ್ಲಿ ಎಲ್ಲರಿಗಿಂತ ಬೇಗ ಓಡಿದ್ದು 38 ವರ್ಷದವನ ತಲೆ. ಅದನ್ನು ಕೇರಳದ ನಮ್ಮ ಗೆಳೆಯರೂ ಒಪ್ಪಬೇಕು. ಒಪ್ಪುವುದಿಲ್ಲ, ಗೊತ್ತು.

ಈ ಎರಡು ರಾಗ ನಮ್ಮ ದೇಶದ್ದು ಮಾತ್ರ ಅಲ್ಲ. ಇಂಗ್ಲೆಂಡಿನಲ್ಲಿ ಸ್ಟ್ಯಾನ್ಲಿ ಮ್ಯಾಥ್ಯೂಸ್ ಅಂತ ಒಬ್ಬ ಬಲಬದಿ ಆಟಗಾರನಿದ್ದ. 1915ರಲ್ಲಿ ಸ್ಟೋಕ್ ಊರಿನಲ್ಲಿ ಹುಟ್ಟಿದವ. ಅಪ್ಪ ಕ್ಷೌರಿಕ, ಜೊತೆಗೆ ಬಾಕ್ಸರ್. 1947ರಲ್ಲಿ ಬ್ಲ್ಯಾಕ್‌ಪೂಲ್ ಕ್ಲಬ್ಬು ಅವನನ್ನು ಕೊಂಡಾಗ ಅಲ್ಲಿನ ಮ್ಯಾನೇಜರು, ನಿನಗೆ 32 ಆಯಿತಲ್ಲ, ಇನ್ನೊಂದೆರಡು ವರ್ಷ ಆಡಬಲ್ಲೆಯಾ ಅಂತ ವಿಚಾರಿಸಿದರಂತೆ. ಬಸ್ಸಿನ ರಾಗ. ಆತ ಅಲ್ಲೇ 14 ವರ್ಷ ಆಡಿದ. 41ನೇ ವಯಸ್ಸಿನಲ್ಲಿ, 1956ರಲ್ಲಿ, ಯುರೋಪಿನ ಶ್ರೇಷ್ಠ ಆಟಗಾರನಿಗೆ ಕೊಡುತ್ತಿದ್ದ ಮೊಟ್ಟಮೊದಲ ಬ್ಯಾಲನ್ ಡಿ'ಓರ್ ಪ್ರಶಸ್ತಿ ಪಡೆದ. 46ಕ್ಕೆ ತನ್ನೂರು ಸ್ಟೋಕ್‌ಗೆ ವಾಪಸ್ ಬಂದ. ಅದಕ್ಕೂ ಮುಂಚಿನ ಪಂದ್ಯಕ್ಕೆ ಅಲ್ಲಿ ಸೇರಿದ್ದವರು ಎಂಟು ಸಾವಿರ ಚಿಲ್ಲರೆ. ಅವನು ಬಂದ ದಿನ 35 ಸಾವಿರ ದಾಟಿತು. ಕೊನೆಯ ಲೀಗ್ ಪಂದ್ಯ 1965ರ ಫೆಬ್ರುವರಿ 6ರಂದು. ಐದು ದಿನ ಮುಂಚೆ 50 ತುಂಬಿತ್ತು. ಆಮೇಲೆ, ಬೇಗ ಬಿಟ್ಟುಬಿಟ್ಟೆ, ಇನ್ನೆರಡು ವರ್ಷ ಆಡಬಹುದಿತ್ತು ಅಂತ ಕೊರಗಿದನಂತೆ!

ಅವನ ಗುಟ್ಟು ಓದಿದಾಗ ನನಗೆ ನಗು ಬಂತು. ಕುಡಿತ ಇಲ್ಲ, ಬೆಳಗಿನ ಜಾವದ ವ್ಯಾಯಾಮ ತಪ್ಪಿಸುತ್ತಿರಲಿಲ್ಲ, ಸೋಮವಾರ ಉಪವಾಸ. ಸೋಮವಾರವೇ! ನಮ್ಮ ಅವ್ವನೂ ಸೋಮವಾರ ಒಪ್ಪತ್ತು. ಅವಳದು ಶಿವನಿಗೆ, ಇವನದು ಶನಿವಾರದ ಮ್ಯಾಚಿಗೆ. ಇದನ್ನು ಅವ್ವನಿಗೆ ಹೇಳಿದೆ. 'ಅವರೂ ಲಿಂಗಾಯತರೇನು?' ಅಂದಳು.

ಈಗ ಸ್ವಲ್ಪ ಕಹಿ ವಿಷಯ. 2025ರ ಮಾರ್ಚ್‌ನಲ್ಲಿ ಚೆಟ್ರಿಯನ್ನು ದೇಶದ ತಂಡಕ್ಕೆ ವಾಪಸ್ ಕರೆದರು. ಶಿಲ್ಲಾಂಗ್‌ನಲ್ಲಿ ಮಾಲ್ದೀವ್ಸ್ ವಿರುದ್ಧ ಆಡಿದ, ತಲೆಯಿಂದಲೇ ಹೊಡೆದ, 95ನೇ ಗೋಲು. ನಾವು ಚಪ್ಪಾಳೆ ತಟ್ಟಿದೆವು. ಆದರೆ ಯೋಚಿಸಿ. ವಿದಾಯ ಹೇಳಿ ಕಳಿಸಿದವನನ್ನು ಒಂಬತ್ತು ತಿಂಗಳಿಗೆ ಮತ್ತೆ ಕರೆಯಬೇಕಾಯಿತು ಅಂದರೆ ಅವನ ಜಾಗಕ್ಕೆ ಯಾರೂ ಬಂದಿರಲಿಲ್ಲ ಅಂತ ತಾನೇ? ನಮ್ಮ ಕ್ಲಬ್ಬುಗಳು ಮುಂಚೂಣಿಗೆ ಹೊರದೇಶದವರನ್ನೇ ತಂದು ನಿಲ್ಲಿಸುತ್ತವೆ. ಗೋಲು ಹೊಡೆಯುವ ಕೆಲಸ ನಮ್ಮ ಹುಡುಗರ ಕೈಗೆ ಸಿಗುವುದೇ ಕಡಿಮೆ. ಮಗನಿಗೆ ಎತ್ತು ಹೂಡಲು ಬಿಡದೆ, ಕೊನೆಗೆ ಅಪ್ಪನನ್ನೇ ಹಾಸಿಗೆಯಿಂದ ಎಬ್ಬಿಸಿ ಹೊಲಕ್ಕೆ ಕಳಿಸಿದ ಹಾಗೆ. ಅಪ್ಪ ಹೋದ, ದುಡಿದ. ಆದರೂ 2027ರ ಏಷ್ಯನ್ ಕಪ್‌ಗೆ ಭಾರತ ಅರ್ಹತೆ ಪಡೆಯಲಿಲ್ಲ. ಅವನ ಇಷ್ಟು ಉದ್ದದ ಆಟದಲ್ಲಿ ಸ್ವಲ್ಪ ಭಾಗ ನಮ್ಮ ಬಡತನದ ಉದ್ದವೂ ಹೌದು. ಅಭಿಮಾನಿಗಳು ಇದನ್ನೂ ನೆನಪಿಡಬೇಕು.

ಆದರೂ 2025ರ ಆ ಏಪ್ರಿಲ್ 6 ಬಿಟ್ಟು ಮಾತು ಮುಗಿಸಲಾರೆ. ಗೋವಾದಲ್ಲಿ ಐಎಸ್‌ಎಲ್ ಸೆಮಿಫೈನಲ್‌ನ ಎರಡನೇ ಪಂದ್ಯ. ಮೊದಲನೆಯದರಲ್ಲಿ ನಾವು 2-0 ಗೆದ್ದಿದ್ದೆವು, ಎರಡೂ ಪಂದ್ಯದ ಗೋಲು ಕೂಡಿಸಿ ಲೆಕ್ಕ. ಗೋವಾದವರು ಎರಡನ್ನೂ ತೀರಿಸಿದರು, ಎರಡನೆಯದು 88ನೇ ನಿಮಿಷದಲ್ಲಿ. ಮಿರ್ಚಿ ಬಂಡಿ ಹತ್ತಿರ ಏಳೆಂಟು ಜನ ಒಂದು ಮೊಬೈಲಿಗೆ ಮುಗಿಬಿದ್ದಿದ್ದೆವು. ನೆಟ್‌ವರ್ಕ್ ನಿಂತು ನಿಂತು ಬರುತ್ತಿತ್ತು. ಚೆಂಡು ಪಕ್ಕದಿಂದ ಮೇಲಕ್ಕೆ ಎದ್ದದ್ದು ಕಂಡಿತು, ಚಿತ್ರ ನಿಂತಿತು. ಚಕ್ರ ತಿರುಗುತ್ತಾ ಇದೆ. ಯಾರೂ ಉಸಿರಾಡುತ್ತಿಲ್ಲ. ಚಿತ್ರ ಬಂದಾಗ ನೀಲಿ ಜರ್ಸಿಗಳು ಒಂದರ ಮೇಲೊಂದು ಬಿದ್ದಿದ್ದವು. ಅಡಿಯಲ್ಲಿ ಯಾರಿದ್ದಾನೆ ಅಂತ ಕೇಳುವ ಅಗತ್ಯವೇ ಇರಲಿಲ್ಲ. 92ನೇ ನಿಮಿಷ, ತಲೆಯಿಂದ. ಬಂಡಿಯವನು ಜಾಲರಿ ಸೌಟು ಹಿಡಿದೇ ಕುಣಿದ, ಎಣ್ಣೆ ನನ್ನ ಅಂಗಿ ಮೇಲೆ ಬಿತ್ತು. ಕಲೆ ಇನ್ನೂ ಹೋಗಿಲ್ಲ. ಫೈನಲ್‌ನಲ್ಲಿ ಮೋಹನ್ ಬಾಗಾನ್‌ಗೆ ಸೋತೆವು, ಅದು ಬೇರೆ ಮಾತು. ಆ ಸೀಸನ್ನಿನಲ್ಲಿ ಅವನು ಹೊಡೆದದ್ದು 14 ಗೋಲು. ಭಾರತದ ಬೇರೆ ಯಾರೂ ಅಷ್ಟು ಹೊಡೆಯಲಿಲ್ಲ.

ಟೀ ಬಂತು ಅಂತ ಹಿಂದಿನಿಂದ ಸನ್ನೆ ಮಾಡುತ್ತಿದ್ದಾರೆ. ಇವತ್ತು ಬೆಳಗಿನದು ಒಂದು ಹೇಳಿ ಇಳಿಯುತ್ತೇನೆ.

ನಮ್ಮ ಮೈದಾನಕ್ಕೆ ಪ್ರತಿ ಭಾನುವಾರ ಒಬ್ಬ ಕಾಕಾ ಬರುತ್ತಾರೆ. ವಯಸ್ಸು 61. ಹಳೇ ಜೀನ್ಸ್ ಬಟ್ಟೆಯಲ್ಲಿ ಹೊಲಿದ ಚೀಲದಲ್ಲಿ ಬೂಟು ಇಟ್ಟುಕೊಂಡು ಗೆರೆಯ ಆಚೆ ಕೂರುತ್ತಾರೆ. 'ಒಬ್ಬ ಕಮ್ಮಿ ಬಿದ್ರೆ ಹೇಳ್ರಿ' ಅನ್ನುವುದು ಬಿಟ್ಟರೆ ಬೇರೆ ಮಾತಿಲ್ಲ. ಎಷ್ಟೋ ವಾರ ಹಾಗೇ ಚೀಲ ಎತ್ತಿಕೊಂಡು ಮನೆಗೆ ಹೋಗುತ್ತಾರೆ. ಇವತ್ತು ಒಬ್ಬ ಕಮ್ಮಿ ಬಿದ್ದ. ಕಾಕಾ ಇಪ್ಪತ್ತು ನಿಮಿಷ ಆಡಿದರು. ಎಡಬದಿ ಗೆರೆ ಬಿಟ್ಟು ಅಲ್ಲಾಡಲಿಲ್ಲ, ಒಂದೇ ಒಂದು ಕ್ರಾಸ್ ಹಾಕಿದರು. ಗೋಲಿನ ಲೆಕ್ಕ ತಪ್ಪಿರುವುದು ಅದರ ಮೇಲೆಯೇ. ನನ್ನ ಪಕ್ಕ ಸೈಕಲ್ ಒರಗಿಸಿಕೊಂಡು ನಿಂತಿದ್ದ ಹತ್ತು ವರ್ಷದ ಹುಡುಗ ಅವರನ್ನೇ ನೋಡುತ್ತಾ, 'ಈ ತಾತ ಇನ್ನಾ ಆಡ್ತಾನೇನು?' ಅಂದ.

ಯಾವ ರಾಗ ಅಂತ ನನಗೆ ಸರಿಯಾಗಿ ಕೇಳಿಸಲಿಲ್ಲ. ಕೇಳೋಣ ಅಂತ ತಿರುಗಿದೆ. ಅಷ್ಟರಲ್ಲಿ ಬಾಲು ಚರಂಡಿ ಕಡೆ ಹೋಯಿತು, ಹುಡುಗ ಸೈಕಲ್ ಬಿಟ್ಟು ಅದರ ಹಿಂದೆ ಓಡಿದ.