ಅಗಸ್ಟೀನರ 'ಕನ್ಫೆಷನ್ಸ್' ಓದುವ ಬಗೆ

ಕೇಳುಗರಿಗೆ ನಮಸ್ಕಾರ. ಸಂತ ಅಗಸ್ಟೀನರ 'ಕನ್ಫೆಷನ್ಸ್' ಹಿಡಿದವರಲ್ಲಿ ಹಲವರು ಹತ್ತನೆಯ ಸಂಪುಟದಲ್ಲಿ, ಅಂದರೆ ಗ್ರಂಥದ ಹತ್ತನೆಯ ಭಾಗದಲ್ಲಿ, ನಿಂತುಬಿಡುತ್ತಾರೆ. ಕಾರಣ ಸರಳ: ಆತ್ಮಕಥೆಯೆಂದು ಹೊರಟಿರುತ್ತಾರೆ, ಕಥೆ ಒಂಬತ್ತಕ್ಕೇ ಮುಗಿದಿರುತ್ತದೆ.

ಅಗಸ್ಟೀನರು ಹುಟ್ಟಿದ್ದು ಕ್ರಿ.ಶ. 354ರಲ್ಲಿ, ಇಂದಿನ ಅಲ್ಜೀರಿಯಾದ ತಗಾಸ್ತೆಯಲ್ಲಿ. ಇದನ್ನು ಬರೆಯತೊಡಗಿದ್ದು 397ರ ಸುಮಾರಿಗೆ, ಉತ್ತರ ಆಫ್ರಿಕಾದ ಹಿಪ್ಪೋ ನಗರದ ಧರ್ಮಾಧ್ಯಕ್ಷರಾಗಿ. ಒಟ್ಟು 13 ಸಂಪುಟ. ಒಂಬತ್ತನೆಯದರ ಕೊನೆಗೆ, 387ರಲ್ಲಿ, ತಾಯಿ ಮೋನಿಕಾ ರೋಮಿನ ಬಂದರಾದ ಓಸ್ತಿಯಾದಲ್ಲಿ ತೀರಿಕೊಳ್ಳುತ್ತಾರೆ. ಹತ್ತು ನೆನಪಿನ ವಿಚಾರ, ಹನ್ನೊಂದು ಕಾಲದ್ದು, ಉಳಿದೆರಡು ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ ಸೃಷ್ಟಿವಾಕ್ಯಗಳದ್ದು.

ಲ್ಯಾಟಿನ್ನಿನ 'ಕನ್ಫೆಸಿಯೋ' ಎಂದರೆ ಪಾಪನಿವೇದನೆಯೂ ಹೌದು, ಸ್ತುತಿಯೂ ಹೌದು. ಇಡೀ ಗ್ರಂಥ ದೇವರೊಡನೆ ಆಡಿದ ಮಾತು. ವಚನಗಳನ್ನು ಕೇಳಿ ಬೆಳೆದ ಕಿವಿಗೆ ದೇವರನ್ನು 'ನೀನು' ಎನ್ನುವುದು ಹೊಸದಲ್ಲ. ಹಾಗಾಗಿ ಗಟ್ಟಿಯಾಗಿ ಓದಿ. ಪಕ್ಕದಲ್ಲಿ ಬೈಬಲಿನ ಕೀರ್ತನೆಗಳಿರಲಿ, ಸಾಲುಸಾಲಿಗೂ ಅವು ನುಸುಳಿ ಬರುತ್ತವೆ. ಇಲ್ಲೊಂದು ತೊಡಕಿದೆ. ಹಳೆಯ ಲ್ಯಾಟಿನ್ ಬೈಬಲಿನ ಎಣಿಕೆಯಲ್ಲಿ ಬಹುಪಾಲು ಕೀರ್ತನೆಗಳ ಸಂಖ್ಯೆ ಒಂದು ಕಡಿಮೆ. ಅಲ್ಲಿಯ 50 ನಮ್ಮ ಬೈಬಲಿನ 51. ಅಡಿಟಿಪ್ಪಣಿಯ ಸಂಖ್ಯೆಗೆ ಸಾಲು ಸಿಗದಿದ್ದರೆ ಮುಂದಿನದನ್ನು ನೋಡಿ.

ಎರಡನೆಯ ಸಂಪುಟದ ಪಿಯರ್ ಹಣ್ಣಿನ ಕಳವು ಅನೇಕರಿಗೆ ಅತಿಯೆನಿಸುತ್ತದೆ. ಹುಡುಗಾಟಕ್ಕೆ ಇಷ್ಟು ಗೋಳೇ ಎಂದು ಕೇಳುತ್ತಾರೆ. ಆದರೆ ಕದ್ದ ಅಗಸ್ಟೀನರನ್ನು ಕಾಡುವುದು ಹಣ್ಣಲ್ಲ. ಹಸಿವಿರಲಿಲ್ಲ, ಅದಕ್ಕಿಂತ ಒಳ್ಳೆಯ ಹಣ್ಣು ತಮ್ಮಲ್ಲೇ ಇತ್ತು, ಕದ್ದದ್ದನ್ನು ಹಂದಿಗಳಿಗೆ ಎಸೆದರು. ಹಾಗಾದರೆ ಕದ್ದದ್ದೇಕೆ? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಎಂಟನೆಯ ಸಂಪುಟಕ್ಕೆ, ಅವರು ಕ್ರೈಸ್ತ ಬದುಕಿಗೆ ತಿರುಗುವ ಗಳಿಗೆಗೆ, ಬನ್ನಿ. ಮಿಲಾನಿನ ತೋಟ, ಅಂಜೂರದ ಮರ, 'ತೆಗೆದುಕೋ, ಓದು' ಎನ್ನುವ ಮಗುವಿನ ದನಿ. ಬುದ್ಧಿ ಅಷ್ಟರಲ್ಲಾಗಲೇ ಒಪ್ಪಿತ್ತು. ಮಣಿಯದೆ ಉಳಿದದ್ದು ಇಚ್ಛೆ. ಅಲ್ಲಿ ವಾದ ಹುಡುಕಿದರೆ ನಿರಾಸೆಯೇ.

8.12.29 ಎಂಬಂಥ ಅಂಕಿಗಳು ಸಂಪುಟ, ಅಧ್ಯಾಯ, ಪರಿಚ್ಛೇದವನ್ನು ಸೂಚಿಸುತ್ತವೆ. ಪ್ರತಿಗಳು ಬೇರೆಯಾದರೂ ಇವು ಬದಲಾಗವು, ಪುಟಸಂಖ್ಯೆ ನಂಬಬೇಡಿ.

ಹನ್ನೊಂದನೆಯದು ಕಷ್ಟವೆನಿಸಿದರೆ 11.14.17ರಿಂದ ಹಿಡಿಯಿರಿ. ಕಾಲವೆಂದರೇನು ಎಂದು ಯಾರೂ ಕೇಳದಿದ್ದರೆ ಗೊತ್ತು, ವಿವರಿಸಹೋದರೆ ಗೊತ್ತಿಲ್ಲ ಎಂದು ಅಲ್ಲಿ ತೊಡಗಿ, 11.28.38ರಲ್ಲಿ ಬಾಯಿಪಾಠದ ಒಂದು ಕೀರ್ತನೆಯನ್ನು ಉದಾಹರಣೆಗೆ ತರುತ್ತಾರೆ. ಹೇಳಿದಷ್ಟೂ ನೆನಪಿಗೆ ಜಾರುತ್ತದೆ, ಹೇಳಬೇಕಾದದ್ದು ನಿರೀಕ್ಷೆಯಲ್ಲಿರುತ್ತದೆ. ನಿಮಗೆ ಬಾಯಿಗೆ ಬರುವ ಒಂದು ವಚನವನ್ನು ನಿಧಾನವಾಗಿ ಹೇಳಿಕೊಂಡು, ಆಮೇಲೆ ಆ ಪರಿಚ್ಛೇದವನ್ನು ಓದಿ ನೋಡಿ.