ಕೀಲಿಕೈ ಕೊಡುವ ಮುಂಚೆ: ಮನೆ ಡಿಪಾಜಿಟ್ ಬಗ್ಗೆ ಒಂದಿಷ್ಟು ಮಾತು

ಎಲ್ಲರಿಗೂ ನಮಸ್ಕಾರ.

ಇಲ್ಲಿ ಬ್ಯಾಂಕಿನವರು ಇದ್ದೀರಿ, ರೈಲ್ವೆಯವರು ಇದ್ದೀರಿ. ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಪರೀಕ್ಷೆಗೆ ಓದುತ್ತಿರುವ ಹುಡುಗರೂ ಇದ್ದೀರಿ. ಮನೆ ಮಾಲಕರೂ ಕೆಲವರು ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದಾರೆ. ಬಂದದ್ದು ಒಳ್ಳೆಯದೇ ಆಯಿತು, ಮುಂದೆ ಬಂದು ಕೂತರೂ ಅಡ್ಡಿಯಿಲ್ಲ.

ಹುಬ್ಬಳ್ಳಿ-ಧಾರವಾಡ ವರ್ಗಾವಣೆಯ ಊರು. ನೈರುತ್ಯ ರೈಲ್ವೆಯ ಮುಖ್ಯ ಕಚೇರಿ ಇಲ್ಲಿದೆ. ಹೈಕೋರ್ಟ್ ಪೀಠ ಇದೆ, ವಿಶ್ವವಿದ್ಯಾಲಯಗಳಿವೆ, ದೊಡ್ಡ ಆಸ್ಪತ್ರೆಗಳಿವೆ. ಮೇ, ಜೂನ್ ಬಂತೆಂದರೆ ಓಣಿ ಓಣಿಯಲ್ಲಿ ಸಾಮಾನು ತುಂಬಿದ ಟೆಂಪೋ. ಅದಾದ ಮೇಲೆ ವಕೀಲರಿಗೆ ಫೋನು ಶುರು. "ಸರ್, ಮನಿ ಬಿಟ್ಟು ಎರಡು ತಿಂಗಳಾತ್ರಿ, ಡಿಪಾಜಿಟ್ ಕೊಡವಲ್ರು."

ನಾನು ತಿರುಗಿ ಕೇಳುವುದು ಒಂದೇ. ಕೀಲಿಕೈ ಕೊಡುವಾಗ ಏನು ಬರೆಸಿಕೊಂಡಿರಿ? ಆ ಕಡೆಯಿಂದ ಮಾತೇ ಬರುವುದಿಲ್ಲ. ಹೆಚ್ಚಿನವರು ಏನೂ ಬರೆಸಿಕೊಂಡಿರುವುದಿಲ್ಲ. ಡಿಪಾಜಿಟ್ ಬರುತ್ತದೋ ಇಲ್ಲವೋ ಅನ್ನುವುದು ಆ ದಿನವೇ ಮುಕ್ಕಾಲು ಪಾಲು ತೀರ್ಮಾನ ಆಗಿಹೋಗಿರುತ್ತದೆ. ಆಮೇಲಿನ ನೋಟಿಸು, ಕೋರ್ಟು ಎಲ್ಲ ಉಳಿದ ಕಾಲು ಪಾಲಿನ ಕೆಲಸ.

ಮಾಲಕರ ಕಡೆಯ ಮಾತನ್ನೂ ಹೇಳಿಬಿಡುತ್ತೇನೆ. ದುಡ್ಡು ನುಂಗಬೇಕು ಅಂತಲೇ ಕೂತವರು ಕಡಿಮೆ. ನಿಮ್ಮ ಡಿಪಾಜಿಟ್ ಬಹಳ ಸಲ ಮೇಲಿನ ಮಹಡಿಯ ಸ್ಲ್ಯಾಬಿಗೋ ಮಗಳ ಫೀಗೋ ಹೋಗಿರುತ್ತದೆ. ಅದಕ್ಕೇ ಅವರು ಅನ್ನುವುದು, "ಹೊಸಬರು ಬರಲಿ, ಅವರ ಡಿಪಾಜಿಟ್ ಬಂದಕೂಡ್ಲೇ ನಿಮ್ಮದು ಕೊಡೂಣು." ಕೇಳಲು ನ್ಯಾಯ ಅನ್ನಿಸುತ್ತದೆ, ಅಲ್ವಾ? ಆದರೆ ನಿಮ್ಮ ಕರಾರಿನಲ್ಲಿ ಆ ಮಾತು ಇದೆಯೇ ನೋಡಿ. ಸಾಮಾನ್ಯವಾಗಿ ಇರುವುದಿಲ್ಲ. ಮನೆ ಆರು ತಿಂಗಳು ಖಾಲಿ ಬಿದ್ದರೆ ಅದು ಮಾಲಕರ ವ್ಯವಹಾರ. ನಿಮ್ಮ ದುಡ್ಡು ಅದಕ್ಕೆ ಕಾಯಬೇಕಾಗಿಲ್ಲ.

ಕೀಲಿಕೈ ಕೊಡುವ ದಿನಕ್ಕೆ ಬರೋಣ. ಅದಕ್ಕೂ ಮೊದಲು ಮನೆ ಬಿಡುವ ವಿಷಯ ಬರವಣಿಗೆಯಲ್ಲಿ ತಿಳಿಸಿರಬೇಕು. ಕರಾರಿನಲ್ಲಿ ಒಂದು ತಿಂಗಳು ಅಂತಿದ್ದರೆ ಒಂದು ತಿಂಗಳು. ಏನೂ ಬರೆದಿಲ್ಲದಿದ್ದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಕಲಂ 106 ಪ್ರಕಾರ ತಿಂಗಳ ಬಾಡಿಗೆಯ ಮನೆಗೆ 15 ದಿನ. ಬಾಯಿಮಾತಿನಲ್ಲಿ ಹೇಳಿ ಬಿಟ್ಟವರಿಗೆ ಮುಂದೆ "ನೋಟಿಸ್ ಕೊಟ್ಟಿಲ್ಲ, ಒಂದು ತಿಂಗಳ ಬಾಡಿಗೆ ಮುರಿದುಕೊಂಡಿದ್ದೇವೆ" ಅನ್ನುವ ಉತ್ತರ ಬರುತ್ತದೆ.

ಆ ದಿನ ಮಾಲಕರನ್ನು ಮನೆಗೆ ಕರೆಯಿರಿ. ಸಾಮಾನು ತೆಗೆದ ಖಾಲಿ ಮನೆಯಲ್ಲಿ ಇಬ್ಬರೂ ಒಂದೊಂದೇ ಖೋಲಿ ನೋಡಿ. ಮೊಬೈಲಿನಲ್ಲಿ ವಿಡಿಯೋ ಮಾಡಿ. ನಲ್ಲಿ ತಿರುಗಿಸಿ, ಫ್ಯಾನು ಹಾಕಿ, ಕಿಟಕಿ ಗಾಜು ತೋರಿಸಿ. ಹೆಸ್ಕಾಂ ಮೀಟರಿನ ರೀಡಿಂಗ್ ಫೋಟೋ ಬೇಕೇ ಬೇಕು. ಕೊನೆಯ ಕರೆಂಟ್ ಬಿಲ್ಲು, ನೀರಿನ ಬಿಲ್ಲು ಕಟ್ಟಿದ ರಸೀದಿ ಜೊತೆಗಿರಲಿ. ಆಮೇಲೆ ಒಂದು ಹಾಳೆಯಲ್ಲಿ ನಾಲ್ಕು ಸಾಲು: ಇಂಥ ದಿನ ಮನೆ ಖಾಲಿ ಮಾಡಿಕೊಟ್ಟರು, ಕೀಲಿಕೈ ನನಗೆ ಮುಟ್ಟಿದೆ, ಡಿಪಾಜಿಟ್ ಇಷ್ಟು, ಕಡಿತ ಇಷ್ಟು, ಬಾಕಿ ಇಷ್ಟನ್ನು ಇಂಥ ತಾರೀಕಿನೊಳಗೆ ಕೊಡುತ್ತೇನೆ. ಸಹಿ ಮಾಡಿಸಿ. ತಾರೀಕು ಇರಲೇಬೇಕು. ಕಾರಣ ಮುಂದೆ ಹೇಳುತ್ತೇನೆ.

"ನಮ್ಮ ಮ್ಯಾಲೆ ನಂಬಿಕೆ ಇಲ್ಲೇನ್ರಿ?" ಅಂದರೆ? ನಮ್ಮ ಕಡೆ ಈ ಮಾತಿಗೆ ಎಲ್ಲರೂ ಸೋಲುತ್ತಾರೆ. ಚಹಾ ಕುಡಿದು ಕೀಲಿಕೈ ಕೊಟ್ಟು ಬಂದುಬಿಡುತ್ತಾರೆ. ಚಹಾ ಕುಡಿಯಿರಿ, ಬೇಡ ಅನ್ನುವುದಿಲ್ಲ. ಸಹಿ ಮಾಡದಿದ್ದರೆ ಅಲ್ಲೇ ಕೂತು ಅದೇ ನಾಲ್ಕು ಸಾಲನ್ನು ವಾಟ್ಸಾಪಿನಲ್ಲಿ ಕಳಿಸಿ. ಅವರು "ಆಯ್ತು" ಅಂತ ಉತ್ತರ ಕೊಟ್ಟರೂ ಸಾಕು. ಮಾಲಕರು ಪುಣೆಯಲ್ಲೋ ಬೆಂಗಳೂರಲ್ಲೋ ಇದ್ದರೂ ಇದೇ ದಾರಿ. ಆ ಮೆಸೇಜು ಅಳಿಸಬೇಡಿ, ಫೋನು ಬದಲಿಸಿದರೂ ಹಳೆಯದನ್ನು ಇಟ್ಟುಕೊಳ್ಳಿ. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಕಾರ ಪ್ರಮಾಣಪತ್ರದೊಂದಿಗೆ ಅದನ್ನು ಕೋರ್ಟಿಗೆ ಕೊಡಬಹುದು.

"ಕೊನೆಯ ಮೂರು ತಿಂಗಳು ಬಾಡಿಗೆನೇ ಕೊಡಬೇಡ, ಡಿಪಾಜಿಟ್ಟಿನಲ್ಲಿ ಮುರಕೊಳ್ಳಲಿ" ಅಂತ ಸಲಹೆ ಕೊಡುವ ಗೆಳೆಯರು ಎಲ್ಲರಿಗೂ ಇರುತ್ತಾರೆ. ಮಾಲಕರು ಬರವಣಿಗೆಯಲ್ಲಿ ಒಪ್ಪಿದರೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಒಪ್ಪದಿದ್ದರೆ ಬಾಡಿಗೆ ಬಾಕಿ ಇಟ್ಟವರು ನೀವೇ ಆಗುತ್ತೀರಿ. ದುಡ್ಡು ಕೊಡುವ ತನಕ ಕೀಲಿಕೈ ಕೊಡುವುದಿಲ್ಲ ಅಂತ ಹಟ ಹಿಡಿಯುವುದೂ ಅಷ್ಟೇ. ನೀವು ಬೇರೆ ಮನೆಯಲ್ಲಿ ಮಲಗಿದ್ದರೂ ಹಳೇ ಮನೆಯ ಬಾಡಿಗೆ ಏರುತ್ತಲೇ ಇರುತ್ತದೆ.

ಇನ್ನು ಸುಣ್ಣ-ಬಣ್ಣದ ಲೆಕ್ಕ. ಜಾಸ್ತಿ ಜಗಳ ಇಲ್ಲೇ. ಅದೇ ಆಸ್ತಿ ವರ್ಗಾವಣೆ ಕಾಯ್ದೆಯ ಕಲಂ 108 ಬಾಡಿಗೆದಾರ ಮನೆಯನ್ನು ಬಂದಾಗ ಇದ್ದ ಹಾಗೆಯೇ ಒಪ್ಪಿಸಬೇಕು ಅನ್ನುತ್ತದೆ. ಆದರೆ ಬಳಕೆಯಿಂದ ಸಹಜವಾಗಿ ಆಗುವ ಸವೆತವನ್ನು ಬಿಟ್ಟು. ಮೂರು ವರ್ಷ ಇದ್ದ ಮನೆಯ ಗೋಡೆ ಮಾಸಿದರೆ ಅದು ಸವೆತ. ವಾಶ್ ಬೇಸಿನ್ ಒಡೆದರೆ, ಬಾಗಿಲು ಕೊರೆದರೆ ಅದು ಹಾನಿ, ಅದರ ದುಡ್ಡು ನೀವು ಕೊಡಬೇಕು. ಆದರೆ "ಬಿಡುವಾಗ ಒಂದು ತಿಂಗಳ ಬಾಡಿಗೆ ಪೇಂಟಿಂಗಿಗೆ" ಅಂತ ಕರಾರಿನಲ್ಲಿದ್ದು ನೀವು ಸಹಿ ಮಾಡಿದ್ದರೆ ಈಗ ತಕರಾರು ಮಾಡಿ ಪ್ರಯೋಜನ ಕಡಿಮೆ. ಅದಿಲ್ಲದೆ ಮುರಿದುಕೊಂಡರೆ ಬಿಲ್ಲು ಕೇಳಿ.

ಎಷ್ಟೋ ಜನ ಮೊದಲು ಹೋಗುವುದು ಪೊಲೀಸ್ ಠಾಣೆಗೆ. ಅಲ್ಲಿ "ಇದು ಸಿವಿಲ್ ವ್ಯಾಜ್ಯ ರೀ" ಅಂತ ಕಳಿಸುತ್ತಾರೆ. ಬೇಸರ ಮಾಡಿಕೊಳ್ಳಬೇಡಿ, ಬರೀ ಡಿಪಾಜಿಟ್ ತಡವಾದ ಮಾತ್ರಕ್ಕೆ ಅದು ವಂಚನೆಯ ಕೇಸು ಆಗುವುದಿಲ್ಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ನೆನಪಾಗುತ್ತದೆ ಕೆಲವರಿಗೆ. ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದ ಮನೆಗೆ ಅದು ಅನ್ವಯಿಸುವುದಿಲ್ಲ. ಈಗ ಆ ಬಾಡಿಗೆಗೆ ಮನೆ ಎಲ್ಲಿ ಸಿಗುತ್ತದೆ? ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಡಿಪಾಜಿಟ್ ತಗೊಳ್ಳಬಾರದು ಅನ್ನುವುದು 2021ರ ಮಾದರಿ ಬಾಡಿಗೆ ಕಾಯ್ದೆಯ ಮಾತು. ಹೆಸರೇ ಹೇಳುವಂತೆ ಅದು ಮಾದರಿ. ರಾಜ್ಯ ತನ್ನ ಕಾನೂನು ಮಾಡಿಕೊಂಡರೆ ಮಾತ್ರ ಜೀವ.

ಹಾಗಾಗಿ ದಾರಿ ಸೀದಾ ಇದೆ. ಮೊದಲು ಓಣಿಯ ಹಿರಿಯರನ್ನು ಕೂಡಿಸಿ ಮಾತಾಡುವುದಿದ್ದರೆ ಮಾತಾಡಿ. ನಾನು ಅದನ್ನು ಹಗುರವಾಗಿ ನೋಡುವುದಿಲ್ಲ, ಕೋರ್ಟಿಗಿಂತ ಬೇಗ ಬಗೆಹರಿದದ್ದು ನೋಡಿದ್ದೇನೆ. ಆಗದಿದ್ದರೆ ಲೀಗಲ್ ನೋಟಿಸು, ಮುಟ್ಟಿದ ಸ್ವೀಕೃತಿ ಬರುವ ಹಾಗೆ ಅಂಚೆಯಲ್ಲಿ. ಅದರಲ್ಲಿ ಬಡ್ಡಿಯನ್ನೂ ಕೇಳಿ. ತಾರೀಕು ಬರೆಸಿ ಅಂದೆನಲ್ಲ, ಕಾರಣ ಇಲ್ಲಿದೆ. ದುಡ್ಡು ಕೊಡುವ ತಾರೀಕು ಬರವಣಿಗೆಯಲ್ಲಿದ್ದರೆ 1978ರ ಬಡ್ಡಿ ಕಾಯ್ದೆಯಂತೆ ಆ ದಿನದಿಂದಲೇ ಕೋರ್ಟು ಬಡ್ಡಿ ಕೊಡಿಸಬಹುದು. ಇಲ್ಲದಿದ್ದರೆ ಬಡ್ಡಿ ಕೇಳಿ ನೋಟಿಸು ಕೊಟ್ಟ ಮೇಲಷ್ಟೇ.

ಚೆಕ್ಕು ಕೊಟ್ಟರೆ ಬೇಡ ಅನ್ನಬೇಡಿ. ಅದು ಬೌನ್ಸ್ ಆದರೆ ಬ್ಯಾಂಕಿನ ಮೆಮೋ ಬಂದ 30 ದಿನದೊಳಗೆ ನೋಟಿಸು ಕೊಡಬೇಕು. ನೋಟಿಸು ಮುಟ್ಟಿ 15 ದಿನದಲ್ಲಿ ದುಡ್ಡು ಬರದಿದ್ದರೆ, ಆಮೇಲಿನ ಒಂದು ತಿಂಗಳೊಳಗೆ ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಕಲಂ 138ರ ಕೇಸು, ಅಂದರೆ ಚೆಕ್ ಬೌನ್ಸ್ ಕೇಸು. ಸಿವಿಲ್ ಆಗಿದ್ದ ವ್ಯಾಜ್ಯಕ್ಕೆ ಆಗ ಜೈಲಿನ ಭಯ ಸೇರುತ್ತದೆ.

ಕೋರ್ಟಿಗೆ ಹಾಕಲು ದುಡ್ಡು ವಾಪಸು ಕೊಡಬೇಕಾದ ದಿನದಿಂದ ಮೂರು ವರ್ಷ ಅವಕಾಶ. "ಮುಂದಿನ ದೀಪಾವಳಿಗೆ ಕೊಡ್ತೀನಿ" ಅನ್ನುವ ಬಾಯಿಮಾತಿನಿಂದ ಆ ಅವಧಿ ಬೆಳೆಯುವುದಿಲ್ಲ. ಅವಧಿಯೊಳಗೆ ಸಹಿ ಹಾಕಿ ಸಾಲ ಒಪ್ಪಿಕೊಂಡರೆ ಬೆಳೆಯುತ್ತದೆ. ಇನ್ನೊಂದು ಮಾತು, ನಿಮಗೆ ಕಲಬುರಗಿಗೆ ವರ್ಗ ಆಗಿದೆ ಅಂತ ಅಲ್ಲಿ ಕೇಸು ಹಾಕಲು ಬರುವುದಿಲ್ಲ. ಮನೆ ಹುಬ್ಬಳ್ಳಿಯದು, ಮಾಲಕರೂ ಇಲ್ಲಿಯವರೇ ಆದರೆ ಇಲ್ಲಿಗೇ ಬರಬೇಕು.

ಅದಕ್ಕೇ ನಾನು ದಾವೆಗಿಂತ ಮೊದಲು ಕಾನೂನು ಸೇವಾ ಪ್ರಾಧಿಕಾರದ ಬಾಗಿಲು ತೋರಿಸುತ್ತೇನೆ. ಸಹಾಯವಾಣಿ 15100. ಕೇಸು ಹಾಕುವ ಮೊದಲೇ ಲೋಕ ಅದಾಲತ್ತಿಗೆ ಅರ್ಜಿ ಕೊಡಬಹುದು, ಕೋರ್ಟ್ ಫೀ ಇಲ್ಲ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ. ಇಬ್ಬರೂ ಒಪ್ಪಿದರೆ ಮಾತ್ರ ಅಲ್ಲಿ ತೀರ್ಮಾನ, ಆದರೆ ಆ ತೀರ್ಮಾನಕ್ಕೆ ಕೋರ್ಟಿನ ಡಿಕ್ರಿಯಷ್ಟೇ, ಅಂದರೆ ಸಿವಿಲ್ ತೀರ್ಪಿನ ಆದೇಶದಷ್ಟೇ ಬಲ. ಮೇಲ್ಮನವಿಯೂ ಇಲ್ಲ.

ಅಲ್ಲಿ ಕಂತಿನಲ್ಲಿ ಕೊಡುತ್ತೇನೆ ಅಂತ ಒಪ್ಪಿ, ಮಾಲಕರು ಮತ್ತೆ ಕೈ ಎತ್ತಿದರೆ? ಡಿಕ್ರಿ ಜಾರಿಗೆ ಅರ್ಜಿ ಹಾಕಿ. ಆ ಮನೆಗೆ ಹೊಸಬರು ಬಂದಿರುತ್ತಾರಲ್ಲ, ಅವರು ಮಾಲಕರಿಗೆ ಕೊಡಬೇಕಾದ ಬಾಡಿಗೆಯನ್ನೇ ಜಪ್ತಿ ಮಾಡಿಸಲು ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 21ರಲ್ಲಿ ಅವಕಾಶ ಇದೆ. ಇನ್ನು ಪ್ರಶ್ನೆ ಕೇಳಿ. ಹಿಂದಿನ ಸಾಲಿನಿಂದಲೇ ಶುರು ಮಾಡೋಣ.