ಟಿವಿಗೆ ಯಾವ ಲ್ಯಾನ್ ಕೇಬಲ್? ಪ್ಯಾಕೆಟ್ ಮೇಲಿನ ದೊಡ್ಡ ನಂಬರ್ ನಂಬಬೇಡಿ

ನಮಸ್ಕಾರ ಎಲ್ಲರಿಗೂ. ಈಗ ನೀವು ನೋಡುತ್ತಿರುವುದು ನನ್ನ ಟಿವಿಯ ಬೆನ್ನು. ಧೂಳು ಕಾಣುತ್ತಿದೆ, ಗೊತ್ತು, ಅದನ್ನು ಬಿಟ್ಟುಬಿಡಿ. ಕೆಳಗೆ ಮೂಲೆಯಲ್ಲಿ ಒಂದು ಚೌಕದ ತೂತು ಇದೆ ನೋಡಿ, ಪಕ್ಕದಲ್ಲಿ ಲ್ಯಾನ್ ಅಂತ ಬರೆದಿದೆ. ರೂಟರ್‌ನಿಂದ ಕೇಬಲ್ ಎಳೆದು ಟಿವಿಗೆ ಇಂಟರ್ನೆಟ್ ಕೊಡುವ ಜಾಗ ಇದು. ಬಹಳ ಮನೆಗಳಲ್ಲಿ ಟಿವಿ ಬಂದ ದಿನದಿಂದ ಇದು ಖಾಲಿಯೇ ಇರುತ್ತದೆ. ವೈಫೈ ಪಾಸ್‌ವರ್ಡ್ ಹಾಕಿದರೆ ಕೆಲಸ ಮುಗಿಯಿತು, ಅಲ್ವಾ? ಮುಗಿಯುತ್ತದೆ, ರಾತ್ರಿಯವರೆಗೆ. ರಾತ್ರಿ ಮನೆಯವರೆಲ್ಲ ಒಂದೊಂದು ಫೋನ್ ಹಿಡಿದು ಕೂತು, ಅಕ್ಕಪಕ್ಕದ ರೂಟರ್‌ಗಳೂ ಅದೇ ಚಾನೆಲ್‌ನಲ್ಲಿ ಕೆಲಸ ಶುರು ಮಾಡಿದ ಮೇಲೆ, ಸಿನಿಮಾ ಒಳ್ಳೆ ಘಟ್ಟಕ್ಕೆ ಬಂದಾಗಲೇ ಮುಖಗಳೆಲ್ಲ ಮಸುಕಾಗುತ್ತವೆ.

ಆಗ ಫೋನ್ ತೆಗೆದು ಸ್ಪೀಡ್ ಟೆಸ್ಟ್ ಮಾಡಿದರೆ 150, 200 ಎಂಬಿಪಿಎಸ್, ಅಂದರೆ ಸೆಕೆಂಡಿಗೆ ಅಷ್ಟು ಮೆಗಾಬಿಟ್ ಡೇಟಾ, ಅಂತ ತೋರಿಸುತ್ತದೆ. ಇಷ್ಟಿದ್ದೂ ಯಾಕೆ ಹೀಗೆ? ಸ್ಪೀಡ್ ಟೆಸ್ಟ್ ತೋರಿಸುವುದು ಸರಾಸರಿ. ವಿಡಿಯೋ ಬರುವುದು ಹಾಗಲ್ಲ, ಕೆಲವು ಸೆಕೆಂಡಿನ ಚಿಕ್ಕ ಚಿಕ್ಕ ತುಂಡುಗಳಾಗಿ ಬರುತ್ತದೆ. ಹಿಂದಿನ ತುಂಡುಗಳು ಎಷ್ಟು ಬೇಗ ಬಂದವು, ಬಫರ್‌ನಲ್ಲಿ, ಅಂದರೆ ಮೊದಲೇ ತಂದಿಟ್ಟುಕೊಂಡದ್ದರಲ್ಲಿ, ಎಷ್ಟು ಉಳಿದಿದೆ ಅಂತ ನೋಡಿಕೊಂಡು, ಮುಂದಿನ ತುಂಡನ್ನು ಯಾವ ಗುಣಮಟ್ಟದಲ್ಲಿ ಕೇಳಬೇಕು ಅಂತ ಆ್ಯಪ್ ತೀರ್ಮಾನ ಮಾಡುತ್ತದೆ. ವೈಫೈ ಸ್ವಲ್ಪ ಹೊತ್ತು ಎಡವಿದರೂ ಸಾಕು, ಆ್ಯಪ್ ಹೆದರಿ ಕೆಳಗಿಳಿಯುತ್ತದೆ. ಮತ್ತೆ ಮೇಲೆ ಹತ್ತಲು ಸಮಯ ತೆಗೆದುಕೊಳ್ಳುತ್ತದೆ. ಹಾಗಾಗಿ ಟಿವಿಗೆ ಕೇಬಲ್ ಹಾಕುವುದು ಜಾಸ್ತಿ ಸ್ಪೀಡ್‌ಗೆ ಅಲ್ಲ, ಒಂದೇ ಸಮ ಬರುವ ಸ್ಪೀಡ್‌ಗೆ. ಈ ವಿಡಿಯೋದಲ್ಲಿ ಇದೊಂದು ನೆನಪಿಟ್ಟುಕೊಂಡರೆ ಅಂಗಡಿಯಲ್ಲಿ ಅರ್ಧ ಗೊಂದಲ ಕಡಿಮೆ.

ಸರಿ, ಎಷ್ಟು ಬೇಕು? ನೆಟ್‌ಫ್ಲಿಕ್ಸ್ ತಾನೇ ಹೇಳುವ ಪ್ರಕಾರ ಫುಲ್ ಎಚ್‌ಡಿಗೆ 5 ಎಂಬಿಪಿಎಸ್, 4ಕೆಗೆ 15 ಎಂಬಿಪಿಎಸ್. ಮನೆಯಲ್ಲಿ ಮೂರು ಟಿವಿ ಇದ್ದು ಮೂರರಲ್ಲೂ 4ಕೆ ಓಡಿದರೂ 45. ಈಗ ಕೇಬಲ್ ಕಡೆ ಬನ್ನಿ. ಕ್ಯಾಟ್ ಅಂದರೆ ಕ್ಯಾಟಗರಿ, ಕೇಬಲ್‌ನ ದರ್ಜೆ. ಕ್ಯಾಟ್ 5ಇ ಅಂತ ಇದೆ, 2001ರ ಸುಮಾರಿನ ಸ್ಟ್ಯಾಂಡರ್ಡ್, ಈಗ ಮುದುಕ. ಈ ಮುದುಕ 100 ಮೀಟರ್ ದೂರಕ್ಕೆ 1 ಜಿಬಿಪಿಎಸ್, ಅಂದರೆ 1000 ಎಂಬಿಪಿಎಸ್ ಒಯ್ಯುತ್ತಾನೆ. 2016ರಲ್ಲಿ ಬಂದ ಹೊಸ ಸ್ಟ್ಯಾಂಡರ್ಡ್ ಪ್ರಕಾರ, ಎರಡೂ ತುದಿಯ ಉಪಕರಣ ಒಪ್ಪಿದರೆ, ಅದೇ ಕೇಬಲ್ ಮೇಲೆ 2.5 ಜಿಬಿಪಿಎಸ್ ಕೂಡ ಓಡುತ್ತದೆ. ನಿಮ್ಮ ಮನೆಯಲ್ಲಿ ಹಳೆಯ ಕ್ಯಾಟ್ 5ಇ ಕೇಬಲ್ ಸುರುಳಿ ಬಿದ್ದಿದ್ದರೆ, ತುದಿ ಚೆನ್ನಾಗಿದ್ದರೆ, ಈ ವಿಡಿಯೋ ಇಲ್ಲೇ ನಿಲ್ಲಿಸಿ ಹೋಗಿ ಅದನ್ನೇ ಚುಚ್ಚಿ. ನಿಜವಾಗಲೂ.

ಹೊಸದು ಕೊಳ್ಳುವುದಾದರೆ ನಾನು ಹೇಳುವುದು ಕ್ಯಾಟ್ 6. ಬೆಲೆಯಲ್ಲಿ ದೊಡ್ಡ ವ್ಯತ್ಯಾಸ ಇರುವುದಿಲ್ಲ, ಒಳಗಿನ ಜೋಡಿಗಳನ್ನು ಇನ್ನೂ ಬಿಗಿಯಾಗಿ ಸುತ್ತಿರುತ್ತಾರೆ, ಸುಮಾರು 55 ಮೀಟರ್ ಒಳಗೆ 10 ಜಿಬಿಪಿಎಸ್ ಕೂಡ ಒಯ್ಯಬಲ್ಲದು. ಈ ಸುತ್ತು ಯಾಕೆ ಅಂದರೆ, ಕೇಬಲ್ ಒಳಗೆ ಎಂಟು ತಂತಿ, ಎರಡೆರಡಾಗಿ ಹಗ್ಗ ಹೊಸೆದ ಹಾಗೆ ಹೊಸೆದಿರುತ್ತಾರೆ. ಹೊರಗಿನಿಂದ ಬರುವ ವಿದ್ಯುತ್ ಗದ್ದಲ ಜೋಡಿಯ ಎರಡೂ ತಂತಿಗೆ ಒಂದೇ ಥರ ತಾಗುತ್ತದೆ. ಆ ಕಡೆ ಇರುವ ಚಿಪ್ ಎರಡರ ನಡುವಿನ ವ್ಯತ್ಯಾಸ ಮಾತ್ರ ನೋಡುವುದರಿಂದ ಗದ್ದಲ ಕಳೆದುಹೋಗುತ್ತದೆ. ಒಂದೊಂದು ಜೋಡಿಯ ಸುತ್ತು ಒಂದೊಂದು ಲೆಕ್ಕದಲ್ಲಿ ಇರುತ್ತದೆ, ಪಕ್ಕದ ಜೋಡಿಯ ಮಾತು ಇದಕ್ಕೆ ಕೇಳಿಸಬಾರದು ಅಂತ. ಬರೀ ತಾಮ್ರ, ಬರೀ ಹೊಸೆತ, ಅದರಲ್ಲಿ ಇಷ್ಟು ಕೆಲಸ. ನನಗಂತೂ ಇದು ತುಂಬಾ ಇಷ್ಟ.

ಈಗ ಸ್ಕ್ರೀನ್ ಮೇಲೆ ಬರುತ್ತಿರುವುದು ಕ್ಯಾಟ್ 7, ಕ್ಯಾಟ್ 8. ಹೆಣೆದ ಬಟ್ಟೆಯ ಹೊದಿಕೆ, ಫಳಫಳ ಪ್ಲಗ್, ಪ್ಯಾಕೆಟ್ ಮೇಲೆ 40 ಜಿಬಿಪಿಎಸ್ ಅಂತ ದೊಡ್ಡ ಅಕ್ಷರ. ಕ್ಯಾಟ್ 8 ಸುಳ್ಳಲ್ಲ, ನಿಜವಾದ ಸ್ಟ್ಯಾಂಡರ್ಡ್, ಆದರೆ ಅದು ಡೇಟಾ ಸೆಂಟರ್‌ಗೆ ಮಾಡಿದ್ದು. ಅಲ್ಲಿ ಸರ್ವರ್ ಜೋಡಿಸಿಟ್ಟ ಒಂದು ರ‍್ಯಾಕ್‌ನಿಂದ ಪಕ್ಕದ ರ‍್ಯಾಕ್‌ಗೆ ಎಳೆಯಲು, 30 ಮೀಟರ್ ಒಳಗೆ. ಕ್ಯಾಟ್ 7 ಕಥೆ ಇನ್ನೂ ಮಜಾ. ಕೇಬಲ್ ಸ್ಟ್ಯಾಂಡರ್ಡ್ ಬರೆಯುವ ಅಮೆರಿಕದ ಸಂಸ್ಥೆ ಟಿಐಎ ಅದನ್ನು ತನ್ನ ಪಟ್ಟಿಗೆ ಸೇರಿಸಲೇ ಇಲ್ಲ, ಅದರ ಮೂಲ ಸ್ಟ್ಯಾಂಡರ್ಡ್‌ನಲ್ಲಿ ಯೋಚಿಸಿದ ಪ್ಲಗ್‌ಗಳೇ ಬೇರೆ, ನಮ್ಮ ಮಾಮೂಲಿ ಆರ್‌ಜೆ45 ಅಲ್ಲ. ಆದ್ದರಿಂದ ಆರ್‌ಜೆ45 ಹಾಕಿ ಕ್ಯಾಟ್ 7 ಅಂತ ಮಾರುವ ಕೇಬಲ್ ಕೊನೆಗೆ ಯಾವ ಪರೀಕ್ಷೆ ಪಾಸಾಗಿದೆ ಅಂತ ಹೇಳುವುದು ಕಷ್ಟ. 10 ಜಿಬಿಪಿಎಸ್ 100 ಮೀಟರ್ ಬೇಕೇ ಬೇಕು ಅನ್ನುವವರಿಗೆ ಕ್ಯಾಟ್ 6ಎ ಇದೆ, ಅಲ್ಲಿಗೆ ಮುಗಿಯಿತು.

ಇನ್ನೊಂದು ವಿಷಯ, ಇದನ್ನು ಯಾವ ಪ್ಯಾಕೆಟ್ ಮೇಲೂ ಬರೆದಿರುವುದಿಲ್ಲ. ಬಹಳಷ್ಟು ಸ್ಮಾರ್ಟ್ ಟಿವಿಗಳ ಲ್ಯಾನ್ ಪೋರ್ಟ್ ಬರೀ 100 ಎಂಬಿಪಿಎಸ್. ದುಬಾರಿ ಟಿವಿಗಳಲ್ಲೂ ಅಷ್ಟೇ. ಅಂಥ ಟಿವಿಗೆ 40 ಜಿಬಿಪಿಎಸ್ ಕೇಬಲ್ ಹಾಕಿದರೂ 100, ಕ್ಯಾಟ್ 5ಇ ಹಾಕಿದರೂ 100. ಅದೇ ಟಿವಿ ಒಳ್ಳೆಯ ವೈಫೈಯಲ್ಲಿ ಸ್ಪೀಡ್ ಟೆಸ್ಟ್ ಮಾಡಿದರೆ 200 ದಾಟಬಹುದು, ಆಗ ಕೇಬಲ್ ಹಾಕಿ ಸ್ಪೀಡ್ ಕಡಿಮೆಯಾಯಿತು ಅಂತ ಜನ ಬೇಜಾರು ಮಾಡಿಕೊಳ್ಳುತ್ತಾರೆ. ನೆಟ್‌ಫ್ಲಿಕ್ಸ್, ಯೂಟ್ಯೂಬ್ ಮಾತ್ರ ನೋಡುವವರಿಗೆ ಈ 100 ಧಾರಾಳ, 15 ಬೇಕಾದ ಕಡೆ 100 ಇದೆ, ಅದೂ ಅಲ್ಲಾಡದೆ.

ಅದು ಸಾಲದೆ ಬರುವ ಒಂದೇ ಒಂದು ಗುಂಪು ಇದೆ. ತಮ್ಮದೇ ಬ್ಲೂರೇ ಡಿಸ್ಕ್‌ಗಳನ್ನು ಒಂಚೂರೂ ಕುಗ್ಗಿಸದೆ ಫೈಲ್ ಮಾಡಿ, ಮನೆಯ ಸರ್ವರ್‌ನಲ್ಲಿಟ್ಟು, ಪ್ಲೆಕ್ಸ್ ಅಥವಾ ಜೆಲ್ಲಿಫಿನ್ ಥರದ ಆ್ಯಪ್ ಮೂಲಕ ನೋಡುವವರು. 4ಕೆ ಬ್ಲೂರೇ ಡಿಸ್ಕ್‌ನಿಂದ ಡೇಟಾ ಗರಿಷ್ಠ 128 ಎಂಬಿಪಿಎಸ್‌ವರೆಗೆ ಬರಬಹುದು. ಸ್ಫೋಟ, ಮಳೆ, ಹಾರುವ ಕಣಗಳು ಇರುವ ದೃಶ್ಯದಲ್ಲಿ ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಬೇಕಾಗುವ ಡೇಟಾ, ಮೇಲೇರಿ 100ರ ಗೋಡೆಗೆ ಬಡಿಯುತ್ತದೆ, ಚಿತ್ರ ನಿಲ್ಲುತ್ತದೆ. ನೀವು ಈ ಗುಂಪಿನವರಾದರೆ ಕೇಬಲ್ ಬದಲಿಸಬೇಡಿ, ಗಿಗಾಬಿಟ್, ಅಂದರೆ 1000 ಎಂಬಿಪಿಎಸ್ ಪೋರ್ಟ್ ಇರುವ ಒಂದು ಸ್ಟ್ರೀಮಿಂಗ್ ಬಾಕ್ಸ್ ಇಡಿ. ಯುಎಸ್‌ಬಿಗೆ ಚುಚ್ಚುವ ಗಿಗಾಬಿಟ್ ಅಡಾಪ್ಟರ್ ಕೂಡ ಒಂದು ದಾರಿ, ಕೆಲವು ಟಿವಿಗಳು ಅದನ್ನು ಒಪ್ಪುತ್ತವೆ, ಕೆಲವು ತಿರುಗಿಯೂ ನೋಡುವುದಿಲ್ಲ.

ಈಗ ಮುಖ್ಯ ಮಾತಿಗೆ ಬರೋಣ. ಕ್ಯಾಟ್ ನಂಬರ್‌ಗಿಂತ ಜಾಸ್ತಿ ನೋಡಬೇಕಾದದ್ದು ಒಳಗಿನ ಲೋಹ. ಮಾರುಕಟ್ಟೆಯಲ್ಲಿ ಸಿಸಿಎ ಅಂತ ಒಂದು ಜಾತಿ ಇದೆ. ಒಳಗೆ ಅಲ್ಯೂಮಿನಿಯಂ, ಮೇಲೆ ತೆಳ್ಳಗೆ ತಾಮ್ರದ ಪದರ. ನೋಡಲು ತಾಮ್ರವೇ. ಇದರ ಪ್ರತಿರೋಧ ತಾಮ್ರಕ್ಕಿಂತ ಸುಮಾರು ಒಂದೂವರೆ ಪಟ್ಟು, ಹಾಗಾಗಿ ದೂರ ಜಾಸ್ತಿಯಾದಂತೆ ಸಿಗ್ನಲ್ ಸೊರಗುತ್ತದೆ. ನಾಲ್ಕು ಸಲ ಬಾಗಿಸಿದರೆ ತಂತಿ ಮುರಿಯುತ್ತದೆ. ಕೇಬಲ್‌ನಲ್ಲೇ ಕರೆಂಟ್ ಕಳಿಸುವ ಪಿಒಇ ಬಳಸಿ ಕ್ಯಾಮೆರಾ, ವೈಫೈ ಆಕ್ಸೆಸ್ ಪಾಯಿಂಟ್ ಓಡಿಸುವವರಂತೂ ಇದನ್ನು ಮುಟ್ಟಲೇಬಾರದು, ಬಿಸಿಯಾಗುತ್ತದೆ. ಸ್ಟ್ಯಾಂಡರ್ಡ್ ಪ್ರಕಾರ ಕ್ಯಾಟ್ 5ಇ, ಕ್ಯಾಟ್ 6 ಕೇಬಲ್‌ನಲ್ಲಿ ತಾಮ್ರವೇ ಇರಬೇಕು, ಅಂದರೆ ಸಿಸಿಎ ಮೇಲೆ ಕ್ಯಾಟ್ 6 ಅಂತ ಅಚ್ಚು ಹಾಕುವುದೇ ಮೋಸ. ಆದರೂ ಹಾಕುತ್ತಾರೆ. ಅಗ್ಗದ ಕ್ಯಾಟ್ 8 ಸಿಸಿಎಗಿಂತ ಅಪ್ಪಟ ತಾಮ್ರದ ಕ್ಯಾಟ್ 5ಇ ಎಷ್ಟೋ ವಾಸಿ, ಇದರಲ್ಲಿ ನನಗೆ ಎರಡು ಮಾತಿಲ್ಲ.

ಪತ್ತೆ ಹೇಗೆ? ಮೊದಲು ವಿವರಣೆ ಓದಿ, ಅಪ್ಪಟ ತಾಮ್ರ ಅಂತ ಸ್ಪಷ್ಟವಾಗಿ ಹೇಳಿರಬೇಕು. ಮೇಲಿನ ಪ್ಲಾಸ್ಟಿಕ್ ಹೊದಿಕೆ ಮೇಲೆ ಸಣ್ಣ ಅಕ್ಷರದಲ್ಲಿ ಕ್ಯಾಟ್ ಎಷ್ಟು, ತಂತಿ ಎಷ್ಟು ದಪ್ಪ ಅಂತ ಅಚ್ಚು ಇರುತ್ತದೆ, ಏನೂ ಇಲ್ಲದ ಬೋಳು ಕೇಬಲ್ ಆದರೆ ವಾಪಸ್ ಇಡಿ. ಕೈಗೆತ್ತಿಕೊಂಡಾಗ ತೀರಾ ಹಗುರ ಅನ್ನಿಸಿದರೂ ಅನುಮಾನ ಪಡಿ. ಇನ್ನೂ ಖಾತ್ರಿ ಬೇಕೆಂದರೆ, ತುಂಡು ಕತ್ತರಿಸಿದ ಕೇಬಲ್‌ನ ಒಂದು ತಂತಿಯನ್ನು ಬ್ಲೇಡ್‌ನಿಂದ ಕೆರೆಯಿರಿ. ಇಲ್ಲಿ ನೋಡಿ, ಎಡಗಡೆಯದು ಕೆರೆದರೂ ಕೆಂಪಗೇ ಇದೆ, ಬಲಗಡೆಯದರಲ್ಲಿ ಬೆಳ್ಳಿ ಬಣ್ಣ ಇಣುಕುತ್ತಿದೆ. ಅದೇ ಅಲ್ಯೂಮಿನಿಯಂ.

ತಂತಿ ದಪ್ಪಕ್ಕೆ ಎಡಬ್ಲ್ಯೂಜಿ ಅಂತ ಅಳತೆ, ನಂಬರ್ ಹೆಚ್ಚಾದಷ್ಟೂ ತಂತಿ ತೆಳು. 24 ಅಂದರೆ ಸುಮಾರು ಅರ್ಧ ಮಿಲಿಮೀಟರ್, 32 ಅಂದರೆ 0.2 ಮಿಲಿಮೀಟರ್ ಅಷ್ಟೇ. ಕಾರ್ಪೆಟ್ ಕೆಳಗೆ, ಬಾಗಿಲ ಸಂದಿಯಲ್ಲಿ ನುಸುಳುವ ಚಪ್ಪಟೆ ಕೇಬಲ್‌ಗಳಲ್ಲಿ ಹೆಚ್ಚಾಗಿ ಈ 30, 32ರ ಎಳೆಗಳೇ ಇರುತ್ತವೆ. ನಾಲ್ಕೈದು ಮೀಟರ್‌ಗೆ ತೊಂದರೆ ಇಲ್ಲ, ಮನೆ ಸುತ್ತ ಎಳೆಯಲು ಬೇಡ, ದುಂಡಗಿನದೇ ತೆಗೆದುಕೊಳ್ಳಿ. ಗೋಡೆ ಒಳಗೆ ಪೈಪ್‌ನಲ್ಲಿ ಎಳೆಯುವುದಾದರೆ ಒಂದೇ ಗಟ್ಟಿ ತಂತಿಯ ಸಾಲಿಡ್ ಕೇಬಲ್, ಗೋಡೆಯ ಸಾಕೆಟ್‌ನಿಂದ ಟಿವಿಗೆ ಎಳೆ ಎಳೆಯಾದ ಸ್ಟ್ರ್ಯಾಂಡೆಡ್ ಪ್ಯಾಚ್ ಕಾರ್ಡ್, ಅದು ಬಾಗುತ್ತದೆ. ಗೋಡೆ ಒಡೆಯುವ ಕೆಲಸ ಇದ್ದರೆ ಮಾತ್ರ ನಾನೂ ಕ್ಯಾಟ್ 6ಎ ಹಾಕಿ ಅನ್ನುತ್ತೇನೆ, ಒಂದರ ಬದಲು ಎರಡು ಎಳೆಯಿರಿ, ಜೊತೆಗೆ ಮುಂದೆ ಇನ್ನೊಂದು ಕೇಬಲ್ ಎಳೆಯಲು ಒಂದು ದಾರ ಪೈಪ್ ಒಳಗೆ ಬಿಟ್ಟಿರಿ. ಗೋಡೆಯನ್ನು ಇನ್ನೊಂದು ಸಲ ಯಾರು ಒಡೆಯುತ್ತಾರೆ?

ಶೀಲ್ಡ್, ಅಂದರೆ ತಂತಿಗಳ ಸುತ್ತ ಲೋಹದ ಹೊದಿಕೆ ಇರುವುದು ಬೇಕಾ? ಮನೆಗೆ ಬೇಡ. ಶೀಲ್ಡ್ ಇಲ್ಲದ ಮಾಮೂಲಿ ಯುಟಿಪಿ ಸಾಕು. ಶೀಲ್ಡ್ ಕೆಲಸ ಮಾಡಬೇಕೆಂದರೆ ಅದಕ್ಕೆ ಸರಿಯಾದ ಅರ್ಥಿಂಗ್ ಸಿಗಬೇಕು, ಟಿವಿಯ ಪ್ಲಾಸ್ಟಿಕ್ ಪೋರ್ಟ್‌ನಲ್ಲಿ ಅದೆಲ್ಲಿ ಸಿಗುತ್ತದೆ. ಚಿನ್ನದ ಲೇಪದ ಪಿನ್ ಅಂತ ದೊಡ್ಡದಾಗಿ ಬರೆದಿದ್ದರೆ ನಕ್ಕು ಮುಂದೆ ಹೋಗಿ, ಸಾಧಾರಣ ಒಳ್ಳೆಯ ಪ್ಲಗ್‌ನ ಪಿನ್‌ಗೂ ಚಿನ್ನದ ತೆಳು ಲೇಪ ಇದ್ದೇ ಇರುತ್ತದೆ. ದುಬಾರಿ ಕೇಬಲ್ ಹಾಕಿದರೆ ಬಣ್ಣ ಚೆನ್ನಾಗಿ ಕಾಣುತ್ತದೆ ಅನ್ನುವವರೂ ಇದ್ದಾರೆ. ಈ ತಂತಿಯಲ್ಲಿ ಹೋಗುವುದು ಬಣ್ಣ ಅಲ್ಲ, ಸೊನ್ನೆ ಮತ್ತು ಒಂದು. ಡೇಟಾದ ಒಂದು ಕಟ್ಟು ಕೆಟ್ಟು ಬಂದರೆ ಟಿವಿ ಅದನ್ನು ಎಸೆದು ಮತ್ತೆ ತರಿಸಿಕೊಳ್ಳುತ್ತದೆ, ಅರೆಬರೆ ಕೆಂಪು, ಅರೆಬರೆ ನೀಲಿ ಅಂತ ಬರುವುದಿಲ್ಲ.

ಎಳೆಯುವಾಗ ಎರಡು ಮೂರು ಎಚ್ಚರಿಕೆ. ಕರೆಂಟ್ ವೈರ್ ಇರುವ ಪೈಪ್‌ನಲ್ಲೇ ಇದನ್ನು ತೂರಿಸಬೇಡಿ, ಸಿಗ್ನಲ್ ವಿಷಯ ಆಮೇಲೆ, ಮೊದಲು ಅದು ಅಪಾಯ. ದಾಟಲೇಬೇಕಾದರೆ ನೇರ ಅಡ್ಡಲಾಗಿ ದಾಟಿಸಿ. ಮೂಲೆಯಲ್ಲಿ ಮಡಚಿ ಹಿಂಡಬೇಡಿ, ಕೇಬಲ್ ದಪ್ಪದ ನಾಲ್ಕು ಪಟ್ಟು ತ್ರಿಜ್ಯದ ಬಾಗು ಇರಲಿ. ಮೊಳೆ ಕ್ಲಿಪ್ ಹೊಡೆಯುವಾಗ ಕೇಬಲ್ ಚಪ್ಪಟೆಯಾಗುವಷ್ಟು ಹೊಡೆಯಬೇಡಿ, ಒಳಗಿನ ಆ ಹೊಸೆತ ಹಾಳಾದರೆ ಕೊಟ್ಟ ದುಡ್ಡು ದಂಡ. ಅಳತೆಗಿಂತ ಒಂದೆರಡು ಮೀಟರ್ ಜಾಸ್ತಿ ಇರಲಿ, ನಾಳೆ ಟಿವಿ ಜಾಗ ಬದಲಾಗಬಹುದು.

ಕೊನೆಗೆ, ಹಾಕಿದ ಮೇಲೆ ಪರೀಕ್ಷೆ. ಟಿವಿಗೆ ಚುಚ್ಚುವ ಮೊದಲು ಅದೇ ತುದಿಯನ್ನು ಗಿಗಾಬಿಟ್ ಪೋರ್ಟ್ ಇರುವ ಲ್ಯಾಪ್‌ಟಾಪ್‌ಗೆ ಚುಚ್ಚಿ, ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಲಿಂಕ್ ಸ್ಪೀಡ್ ನೋಡಿ. 1000 ಅಂತ ಬಂದರೆ ಎಂಟು ತಂತಿಯೂ ಸರಿಯಾಗಿವೆ. ರೂಟರ್ ಕೂಡ ಗಿಗಾಬಿಟ್ ಇದ್ದು ಲ್ಯಾಪ್‌ಟಾಪ್ 100 ತೋರಿಸುತ್ತಿದ್ದರೆ, ಹೆಚ್ಚಾಗಿ ಎಲ್ಲೋ ಒಂದು ತಂತಿ ಕೈಕೊಟ್ಟಿದೆ, ಯಾಕೆಂದರೆ ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು, 100ಕ್ಕೆ ಎರಡು ಜೋಡಿ ಸಾಕು, ಹಾಗಾಗಿ ಅದು ಸದ್ದಿಲ್ಲದೆ ಕೆಳಗಿಳಿದು ಕೆಲಸ ಮಾಡುತ್ತಿರುತ್ತದೆ. ಪ್ಲಗ್ ಕತ್ತರಿಸಿ ಹೊಸ ಪ್ಲಗ್ ಒತ್ತಿ ಕೂರಿಸಿದರೆ, ಅಂದರೆ ಕ್ರಿಂಪ್ ಮಾಡಿದರೆ, ಸಾಮಾನ್ಯವಾಗಿ ಸರಿಹೋಗುತ್ತದೆ. ಆಮೇಲೆ ಟಿವಿಯ ಸೆಟ್ಟಿಂಗ್‌ಗೆ ಹೋಗಿ ವೈಫೈ ಆಫ್ ಮಾಡಿ, ವೈರ್ಡ್ ಅಂತ ತೋರಿಸುತ್ತಿದೆಯಾ ನೋಡಿ, ಕೆಲವು ಟಿವಿಗಳು ಕೇಬಲ್ ಚುಚ್ಚಿದರೂ ಹಳೇ ವೈಫೈಯನ್ನೇ ಹಿಡಿದು ಕೂತಿರುತ್ತವೆ.